ಮ್ಯಾಮೋಗ್ರಾಂ ಮಾಡಿಸಲೋ ಬೇಡವೋ?

ಕೇಳಿದವರು, ಹಾಸನ:
ನನಗೆ 51. ಗಂಟಿಲ್ಲ, ನೋವಿಲ್ಲ. ಹೋದ ವರ್ಷ ಚಿಕ್ಕಮ್ಮನಿಗೆ (ಅಮ್ಮನ ತಂಗಿ) ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಅವರಿಗೆ ಆಗ 66. ನಾದಿನಿ ‘ನೀವೂ ಒಂದು ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿಬಿಡಿ ಅತ್ತಿಗೆ’ ಅನ್ನುತ್ತಾಳೆ. ಮನೆಯವರು ‘ಸುಮ್ನೆ ಇಲ್ಲದ ಕಾಯಿಲೆ ಹುಡುಕಿಕೊಂಡು ಹೋಗಬೇಡ’ ಅನ್ನುತ್ತಾರೆ. ಮಾಡಿಸಿಕೊಂಡವರು ಹೇಳಿ. ಇದರಿಂದ ನಿಜವಾಗಿ ಜೀವ ಉಳಿಯುತ್ತಾ?

ಸಕಲೇಶಪುರದಿಂದ:
ನಾನು 54ರಲ್ಲಿ ಮಾಡಿಸಿಕೊಂಡೆ. ಎರಡು ಪ್ಲೇಟ್ ನಡುವೆ ಎದೆಯನ್ನು ಒತ್ತಿ ಹಿಡಿಯುತ್ತಾರೆ. ನೋವಾಗುತ್ತದೆ, ಆದರೆ ಕೆಲವೇ ಸೆಕೆಂಡು. ನನಗೆ ಕಷ್ಟವಾಗಿದ್ದು ಆಮೇಲೆ. ರಿಪೋರ್ಟಿನಲ್ಲಿ ‘ಬೈರಾಡ್ಸ್ 0’ ಅಂತ ಇತ್ತು. 0 ಅಂದರೆ ಈ ಚಿತ್ರ ಸಾಲದು, ಇನ್ನೊಮ್ಮೆ ನೋಡಬೇಕು ಅಂತ ಅಷ್ಟೇ. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಸ್ಕ್ಯಾನಿಂಗ್ ಆಯಿತು, ಸೂಜಿ ಹಾಕಿ ತುಣುಕು ತೆಗೆದರು. ಹನ್ನೊಂದು ದಿನ ಕಾದೆ. ಕ್ಯಾನ್ಸರ್ ಇರಲಿಲ್ಲ.

ಆ ದಿನಗಳಲ್ಲಿ ಮಗಳು ಪಕ್ಕದಲ್ಲಿ ಕೂತು ಇದರ ಬಗ್ಗೆ ಎಲ್ಲ ಓದಿ ಹೇಳಿದಳು. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಬ್ರಿಟನ್ನಿನಲ್ಲಿ 50 ದಾಟಿದ ಹೆಂಗಸರನ್ನು ಮೂರು ವರ್ಷಕ್ಕೊಮ್ಮೆ ಕರೆದು ಮ್ಯಾಮೋಗ್ರಾಂ ಮಾಡುತ್ತಾರೆ. ಅದರಿಂದ ಎಷ್ಟು ಉಪಯೋಗ ಅಂತ 2012ರಲ್ಲಿ ಒಂದು ಸ್ವತಂತ್ರ ಸಮಿತಿ ಲೆಕ್ಕ ಹಾಕಿತು. 50ರಿಂದ ಶುರುಮಾಡಿ 20 ವರ್ಷ, 10,000 ಹೆಂಗಸರನ್ನು ಕರೆದರೆ 43 ಜನ ಸ್ತನ ಕ್ಯಾನ್ಸರಿನಿಂದ ಸಾಯುವುದು ತಪ್ಪುತ್ತದೆ. ಆದರೆ 129 ಜನರಿಗೆ, ಜೀವಮಾನದಲ್ಲಿ ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡುತ್ತಿದ್ದ ಕ್ಯಾನ್ಸರಿಗೂ ಆಪರೇಷನ್, ಔಷಧಿ ಎಲ್ಲ ಆಗುತ್ತದೆ. ಯಾರದು ಯಾವುದು ಅಂತ ಮೊದಲೇ ಹೇಳಲು ಆಗುವುದಿಲ್ಲ.

ಕೆನಡಾದಲ್ಲಿ ಸುಮಾರು 90,000 ಹೆಂಗಸರನ್ನು ಎರಡು ಗುಂಪು ಮಾಡಿ 25 ವರ್ಷ ನೋಡಿದರು. ಮ್ಯಾಮೋಗ್ರಾಂ ಮಾಡಿಸಿದ ಗುಂಪಿನಲ್ಲಿ 500 ಜನ ಸ್ತನ ಕ್ಯಾನ್ಸರಿಗೆ ತೀರಿಕೊಂಡರು, ಇನ್ನೊಂದರಲ್ಲಿ 505. ಹೆಚ್ಚುಕಮ್ಮಿ ಒಂದೇ. ಆದರೆ ಸ್ವೀಡನ್ನಿನಲ್ಲಿ 1977ರಲ್ಲಿ ಶುರುವಾದ ಪರೀಕ್ಷೆಯಲ್ಲಿ ಸಾವು ಸುಮಾರು 30% ಕಡಿಮೆಯಾಗಿತ್ತು. ಇದಕ್ಕೇ ಡಾಕ್ಟರುಗಳಲ್ಲೂ ಒಂದೇ ಮಾತಿಲ್ಲ. ನನ್ನ ಮಟ್ಟಿಗೆ, ಲಾಭ ಇದೆ, ಜನ ಅಂದುಕೊಂಡಷ್ಟು ದೊಡ್ಡದಲ್ಲ. ನಿಮ್ಮ ವಯಸ್ಸಿಗೆ ನಾನಾದರೆ ಮಾಡಿಸುತ್ತೇನೆ. ಮತ್ತೆ ಕರೆಯಬಹುದು ಅಂತ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಇನ್ನೊಂದು ಮಾತು ಹೇಳಲೇಬೇಕು. ನನ್ನ ಓರಗಿತ್ತಿಗೆ ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ಕಾಫಿ ಕೊಯ್ಲು ಮುಗಿಯಲಿ ಅಂದಳು. ಕೊಯ್ಲು ಮುಗಿಯಿತು, ಮಗನ ಪರೀಕ್ಷೆ ಬಂತು. ಯುಗಾದಿ ಕಳೆದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಕಂಕುಳಿಗೆ ಬಂದಿತ್ತು. ಎರಡು ವರ್ಷವೂ ಉಳಿಯಲಿಲ್ಲ. ನೋವಿಲ್ಲದ ಗಂಟಿಗೇ ಹೆದರಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅರಸೀಕೆರೆಯಿಂದ:
ಅವತ್ತು ಪೌಡರ್, ಸೆಂಟ್ ಹಾಕಬೇಡಿ, ಚಿತ್ರದಲ್ಲಿ ಚುಕ್ಕೆಯ ಹಾಗೆ ಕಾಣಬಹುದು. ಸೀರೆ ಅಥವಾ ಚೂಡಿದಾರ ಉಟ್ಟು ಹೋಗಿ, ಮೇಲಿನದು ಮಾತ್ರ ತೆಗೆದರೆ ಸಾಕು. ಇನ್ನೂ ಮುಟ್ಟಾಗುತ್ತಿದ್ದರೆ, ಅದು ಮುಗಿದ ವಾರ ಹೋಗಿ. ಎದೆ ಅಷ್ಟು ನೋಯುವುದಿಲ್ಲ. ಫಿಲಂ, ಸಿಡಿ ಕೇಳಿ ಇಸಿದುಕೊಂಡು ಜೋಪಾನ ಮಾಡಿ. ಮುಂದಿನ ಸಲ ಹೋಲಿಸಿ ನೋಡಲು ಬೇಕಾಗುತ್ತದೆ.

ಚನ್ನರಾಯಪಟ್ಟಣದಿಂದ:
ನಾನು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಮ್ಯಾಮೋಗ್ರಾಂಗೆ ಹಾಸನಕ್ಕೆ ಬರಲು ಆಗದವರು ಇದನ್ನು ಓದಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರು. ಅರ್ಧ ಜನರಿಗೆ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಎದೆ ಪರೀಕ್ಷೆ ಮಾಡಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ 30% ಕಡಿಮೆಯಾಯಿತು. 50ರ ಒಳಗಿನವರಲ್ಲಿ ಹಾಗೆ ಕಾಣಲಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲೂ 30 ದಾಟಿದ ಹೆಂಗಸರಿಗೆ ಈ ಕೈ ಪರೀಕ್ಷೆ ಇದೆ. ನಾವು ಕರೆದಾಗ ನಾಚಿಕೊಂಡು ಮನೆಗೆ ಹೋಗಿಬಿಡುತ್ತಾರೆ, ತುಂಬಾ ಬೇಜಾರಾಗುತ್ತದೆ. ದಯವಿಟ್ಟು ಬನ್ನಿ.

ಬೇಲೂರಿನಿಂದ:
ಗಂಡಸು ನಾನು, ತಪ್ಪು ತಿಳಿಯಬೇಡಿ. ನನ್ನ ಹೆಂಡತಿಯ ಮ್ಯಾಮೋಗ್ರಾಂ ಸರಿಯಾಗೇ ಬಂದಿತ್ತು. ಎಂಟು ತಿಂಗಳಿಗೆ ಗಂಟು ಕಾಣಿಸಿತು. ರಿಪೋರ್ಟ್ ಚೆನ್ನಾಗಿತ್ತಲ್ಲ ಅಂತ ಅವಳು ಸುಮ್ಮನಿರಲಿಲ್ಲ, ಮಾರನೇ ದಿನವೇ ಹೋದಳು. ಈಗ ಆರು ವರ್ಷ, ಚೆನ್ನಾಗಿದ್ದಾಳೆ. ನಿಮ್ಮ ಯಜಮಾನರಿಗೆ ಇದನ್ನು ಓದಲು ಕೊಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಮ್ಮನ ವಿಷಯದಿಂದ ನನಗೆ ಅಪಾಯ ಜಾಸ್ತಿಯಾ?

ಸಕಲೇಶಪುರದಿಂದ:
ನಮ್ಮ ಡಾಕ್ಟರ್ ಹೇಳಿದ್ದು: ಅಮ್ಮ, ಅಕ್ಕತಂಗಿ, ಮಗಳು, ಇವರಿಗೆ ಬಂದಿದ್ದರೆ ಲೆಕ್ಕ ಜಾಸ್ತಿ. 66ರಲ್ಲಿ ಚಿಕ್ಕಮ್ಮ ಒಬ್ಬರಿಗೆ ಬಂದಿದ್ದಕ್ಕೆ ಅಷ್ಟೊಂದು ಗಾಬರಿ ಬೇಡ. ಆದರೆ ಒಂದೇ ಕಡೆಯ ಇಬ್ಬರು ಮೂವರಿಗೆ, ಚಿಕ್ಕ ವಯಸ್ಸಿನಲ್ಲಿ, ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಹೇಳಲೇಬೇಕು. ಅಪ್ಪನ ಕಡೆಯೂ ಕೇಳಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಕೇಳಿದವರು:
ಅಪ್ಪನ ಅಕ್ಕ ನಲವತ್ತಕ್ಕೇ ತೀರಿಕೊಂಡಿದ್ದರು. ಹೊಟ್ಟೆಯ ಗಡ್ಡೆ ಅನ್ನುತ್ತಿದ್ದರು. ಇವತ್ತೇ ಊರಿಗೆ ಫೋನ್ ಮಾಡಿ ದೊಡ್ಡಪ್ಪನನ್ನು ಕೇಳುತ್ತೇನೆ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ, ಇವರೂ ಬರುತ್ತಾರಂತೆ.