ಯಜಮಾನರು ಕೊಲ್ಲಿಯಲ್ಲಿ, ಯುದ್ಧದ ಸುದ್ದಿ ಟಿವಿಯಲ್ಲಿ: ನೀವು ಹೇಗೆ ದಿನ ಕಳೆದಿರಿ?

ಕೇಳಿದವರು: ನಮ್ಮ ಯಜಮಾನರು ಕತಾರಿನ ದೋಹಾದಲ್ಲಿ ಎ.ಸಿ. ಮೆಕ್ಯಾನಿಕ್. 2025ರ ಜೂನ್ 23ರ ರಾತ್ರಿ ಇರಾನ್ ಅಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾ ನೆಲೆಯ ಮೇಲೆ ಕ್ಷಿಪಣಿ ಹಾರಿಸಿತಲ್ಲ, ಅವತ್ತು ಎರಡು ಗಂಟೆ ಅವರ ಫೋನ್ ಸಿಗಲಿಲ್ಲ. ಆಮೇಲೆ ಕದನ ವಿರಾಮ ಆಯಿತು, ಅವರು ಮಾಮೂಲಾಗಿ ಕೆಲಸಕ್ಕೆ ಹೋಗುತ್ತಿದ್ದಾರೆ. ನನಗೆ ಮಾತ್ರ ನಿದ್ದೆ ಇಲ್ಲ. ವಾಪಸ್ ಬನ್ನಿ ಅನ್ನಲಾ? ಮನೆ ಸಾಲ ಇನ್ನೂ ತೀರಿಲ್ಲ.

ಉಡುಪಿ ಕಡೆಯವರು: ತಂಗಿ, ನಾನು 1990 ಕಂಡವಳು. ಆಗಸ್ಟ್ 2ಕ್ಕೆ ಇರಾಕ್ ಸೇನೆ ಕುವೈತಿಗೆ ನುಗ್ಗಿತು. ನಮ್ಮವರು ಅಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಐದು ವಾರ ಸುದ್ದಿಯೇ ಇಲ್ಲ. ಅತ್ತೆ ಜಗಲಿಯಲ್ಲಿ ಕೂತು ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದರು. ಕೊನೆಗೆ ಬಸ್ಸಲ್ಲಿ ಬಾಗ್ದಾದ್, ಅಲ್ಲಿಂದ ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್, ಆಮೇಲೆ ವಿಮಾನ. ಸುಮಾರು 1,70,000 ಭಾರತೀಯರು ಹಾಗೇ ಬಂದರು. ಇವರ ಕೈಯಲ್ಲಿ ಒಂದು ಚೀಲ, ಜೇಬಲ್ಲಿ ಕುವೈತಿ ದಿನಾರ್. ಅದನ್ನು ಹಳೆ ಬೆಲೆಗೆ ಕೊಳ್ಳುವವರೇ ಇಲ್ಲ.

ಕೆಲಸ ಹೋಗಿದ್ದಕ್ಕಿಂತ ಜಾಸ್ತಿ ಸುಟ್ಟಿದ್ದು ನಾಚಿಕೆ. ಬರಿಗೈಲಿ ಬಂದ ಅಂತಾರೆ ಎಂದು ಮೂರು ತಿಂಗಳು ಅಂಗಳ ದಾಟಲಿಲ್ಲ. ಬೀದಿಯಲ್ಲಿ ಇನ್ನೂ ನಾಲ್ಕು ಮನೆಯ ಕಥೆ ಅದೇ. ಆದರೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಿರಲಿಲ್ಲ, ನೋಡಿ!

ಒಂದು ಕೆಲಸ ಮಾತ್ರ ಸರಿ ಮಾಡಿದೆ, ಹಳೆ ಪಾಸ್‌ಪೋರ್ಟ್ ಎಸೆಯಲಿಲ್ಲ. ವರ್ಷಗಳ ಮೇಲೆ ವಿಶ್ವಸಂಸ್ಥೆಯ ಪರಿಹಾರ ಸಿಕ್ಕಾಗ ಅದರಲ್ಲಿದ್ದ ಮುದ್ರೆಯೇ ಸಾಕ್ಷಿ. ವೀಸಾ, ಕೆಲಸದ ಕರಾರು, ಸಂಬಳದ ಚೀಟಿ, ಎಲ್ಲದರ ಫೋಟೊ ಇವತ್ತೇ ತರಿಸಿಕೊಳ್ಳಿ.

ದುಬೈಯಿಂದ ಬಂದವನು: ಹೆದರಿಕೆಯಲ್ಲಿ ಕರೆಸಬೇಡಿ ಅಕ್ಕ. 2020ರ ಮೇ ತಿಂಗಳಲ್ಲಿ ಕೊರೊನಾ ಭಯಕ್ಕೆ ಹೊರಗಿದ್ದವರನ್ನು ಕರೆತರಲು ಸರ್ಕಾರ ಬಿಟ್ಟಿದ್ದ ವಂದೇ ಭಾರತ್ ವಿಮಾನದಲ್ಲಿ ನಾನು ಮಂಗಳೂರಿಗೆ ಬಂದೆ. ಖುಷಿ ಎರಡು ವಾರ, ಅದೂ ಕ್ವಾರಂಟೈನ್‌ನಲ್ಲಿ. ಆಮೇಲೆ ಒಂದೂವರೆ ವರ್ಷ ಕೆಲಸ ಇಲ್ಲ, ಹೆಂಡತಿಯ ಬಳೆ ಅಡವಿಟ್ಟೆ. ಮೊದಲು ಆರು ತಿಂಗಳ ಕಂತಿನಷ್ಟು ದುಡ್ಡು ಊರಿನ ಖಾತೆಯಲ್ಲಿ ಕೂಡಿಡಿ. ಬರುವ ಮಾತು ಆಮೇಲೆ.

ದೋಹಾದಿಂದ: ಅವತ್ತು ನಾನೂ ಇಲ್ಲೇ ಇದ್ದೆ. ಆಕಾಶದಲ್ಲಿ ಬೆಳಕು, ಕಿಟಕಿ ನಡುಗಿತು, ಹೆದರಿದ್ದು ನಿಜ. ಆದರೆ ಅಮ್ಮನ ಟಿವಿಯಲ್ಲಿ ಊರಿಗೆ ಊರೇ ಉರಿಯುತ್ತಿತ್ತು, ನಾವಿಲ್ಲಿ ಚಪಾತಿ ತಿನ್ನುತ್ತಿದ್ದೆವು. ಈಗ ಬೆಳಿಗ್ಗೆ ಐದಕ್ಕೆ, ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ಒಂದು ಮೆಸೇಜ್. ಬರದಿದ್ದರೆ ನಮ್ಮ ರೂಮಿನವನ ನಂಬರ್ ಇದೆ. ನೀವೂ ಇಬ್ಬರ ನಂಬರ್ ಇಟ್ಟುಕೊಳ್ಳಿ.

ಇನ್ನೊಂದು, ಬೈಯಬೇಡಿ. ಇಂಥ ಸುದ್ದಿಗೆ ರೂಪಾಯಿ ಇಳಿದರೆ ನಮ್ಮ ರಿಯಾಲ್‌ಗೆ ಜಾಸ್ತಿ ರೂಪಾಯಿ ಸಿಗುತ್ತದೆ, ನಾವು ಅವತ್ತೇ ದುಡ್ಡು ಕಳಿಸಲು ಸಾಲು ನಿಲ್ಲುತ್ತೇವೆ. ಊರಲ್ಲಿ ಅಣ್ಣ ಪೆಟ್ರೋಲ್ ರೇಟಿಗೆ ಬೈಯುವಾಗ ಸುಮ್ನೆ ಹೂಂ ಅನ್ನುತ್ತೇನೆ.

ಕೇಳಿದವರು: ಫೋಟೊಗಳು ಬಂದವು, ನಂಬರ್‌ಗಳೂ ಬಂದವು. ವಾಪಸ್ ಬನ್ನಿ ಅಂತ ಇನ್ನೂ ಹೇಳಿಲ್ಲ. ಟಿವಿ ರಿಮೋಟ್ ಅತ್ತೆಯ ಕೈಯಲ್ಲಿದೆ, ಅದಕ್ಕೇನಾದರೂ ಉಪಾಯ ಇದೆಯಾ?