ಯಾರದೋ ದುಡ್ಡು, ನಮ್ಮ ತಾರಸಿ

ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿದ್ದೇ ತಡ, ವಕೀಲರು ಶುರು ಹಚ್ಚಿಕೊಂಡರು.

"ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನೋದು ಇದಕ್ಕೇ. ತಾರಸಿ ಇರೋನು ಸೋಲಾರ್ ಹಾಕಿಸ್ಕೋತಾನೆ, ಸರ್ಕಾರ ಸಬ್ಸಿಡಿ ಕೊಡುತ್ತೆ, ತೆರಿಗೆ ಕಟ್ಟೋನು ನಾನು. ನ್ಯಾಯವೇನ್ರೀ ಇದು?"

ಹೋದ ತಿಂಗಳಷ್ಟೇ ಪ್ಯಾನೆಲ್ ಕೂರಿಸಿಕೊಂಡಿದ್ದ ನಾನು ಬಗ್ಗಿ ಶೂ ಲೇಸು ಕಟ್ಟತೊಡಗಿದೆ. ಅದು ಬಿಚ್ಚಿರಲೇ ಇಲ್ಲ.

"ನಿಮ್ಮನ್ನೇ ಕೇಳ್ತಿರೋದು."

"ಅಲ್ಲ ವಕೀಲ್ರೇ, ಮೊದಲು ನಾನೂ ಇದನ್ನೇ ಹೇಳ್ತಿದ್ದೆ."

"ಆಮೇಲೆ?"

"ಆಮೇಲೆ ಅರ್ಜಿ ಹಾಕಿದೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಫಿಸಿಕ್ಸ್ ಮೇಷ್ಟ್ರು, ರಿಟೈರ್ ಆದ ಮೇಲೆ ಪಾಠ ಹೇಳೋಕೆ ನಾವು ಮೂವರೇ ಸಿಕ್ಕಿರೋದು. "ವಕೀಲ್ರೇ, ನೀವು ಮನೆ ಸಾಲದ ಬಡ್ಡಿ ತೋರಿಸಿ ತೆರಿಗೆ ಉಳಿಸ್ತೀರಲ್ಲ, ಅದೇನು?"

"ಅದು ವಿನಾಯಿತಿ!"

"ಸರಿ ಬಿಡಿ. ನಿಮಗೆ ಸಿಕ್ಕಿದ್ರೆ ವಿನಾಯಿತಿ, ಇವನಿಗೆ ಸಿಕ್ಕಿದ್ರೆ ಸಬ್ಸಿಡಿ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಸಿಲಿಕಾನ್ ಕೋಶ ತೋರಿಸಿದಾಗ ಬಿದ್ದ ಬಿಸಿಲಲ್ಲಿ ನೂರಕ್ಕೆ ಆರು ಪಾಲಷ್ಟೇ ಕರೆಂಟ್ ಆಗ್ತಿತ್ತು. ಉಪಗ್ರಹಕ್ಕೆ ಹಾಕಬಹುದಿತ್ತು, ಮನೆಗೆ ಯಾರು ಕೊಳ್ತಾರೆ? 2000ದಲ್ಲಿ ಜರ್ಮನಿ ಒಂದು ಕಾನೂನು ತಂತು. ನಿಮ್ಮ ಸೂರಿನ ಮೇಲೆ ಹುಟ್ಟಿದ ಒಂದೊಂದು ಯೂನಿಟ್ಟಿಗೂ 20 ವರ್ಷ ಗೊತ್ತುಮಾಡಿದ ದರ, ಅದೂ ಧಾರಾಳವಾಗಿ. ಜನ ಮುಗಿಬಿದ್ರು. ಕಾರ್ಖಾನೆ ಮೇಲೆ ಕಾರ್ಖಾನೆ ಎದ್ದವು, ಚೀನಾದವರು ನುಗ್ಗಿದರು, ಪ್ಯಾನೆಲ್ ರೇಟು ನೆಲ ಕಚ್ಚಿತು. ಇವತ್ತು ಇವನು ಹಾಕಿಸ್ಕೊಂಡಿದ್ದಾನೆ ಅಂದ್ರೆ ಅದು ಜರ್ಮನಿಯವರ ಪುಣ್ಯ."

"ಅಲ್ಲಿ ದುಡ್ಡು ಯಾರು ಕೊಟ್ರು?"

"ಎಲ್ಲರ ಕರೆಂಟ್ ಬಿಲ್ಲಲ್ಲೂ ಒಂದು ಸರ್‌ಚಾರ್ಜು. 2022ರ ಜುಲೈಗೆ ತೆಗೆದರು."

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ," ಅಂದ ಶೀನ. ಅಲ್ಲೀವರೆಗೆ ತೆಪ್ಪಗಿದ್ದವನು. ಅವನದು ಬಾಡಿಗೆ ಮನೆ, ನಾಲ್ಕಂತಸ್ತಿನಲ್ಲಿ ಎರಡನೆಯದು. "ನನಗೆ ಮೇಲೆ ನೋಡಿದ್ರೆ ಇನ್ನೊಬ್ಬನ ನೆಲ. ಬಿಲ್ಲು ಮಾತ್ರ ನಂದು. ನಾನೆಲ್ಲಿ ಹಾಕ್ಲಿ ಪ್ಯಾನೆಲ್ಲು, ತಲೆ ಮೇಲಾ?"

ಶೀನನ ತಲೆ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ, ಒಂದು ಕೂದಲಿನ ನೆರಳೂ ಬೀಳುವುದಿಲ್ಲ. ಆದರೆ ಯಾರೂ ನಗಲಿಲ್ಲ. ವಕೀಲರು ಅರ್ಧ ಗಂಟೆ ವಾದ ಮಾಡಿದರೂ ನನಗೆ ಏನೂ ಅನ್ನಿಸಿರಲಿಲ್ಲ. ಇವನ ಒಂದು ಮಾತು ಚುಚ್ಚಿತು.

ಮಾತು ತಿರುಗಿಸಲು ಮೇಷ್ಟ್ರೇ ಬಂದರು. "ಸ್ಪೇನ್‌ನವರ ಕಥೆ ಕೇಳಿ. ಮೊದಲು ಕೈತುಂಬ ಕೊಟ್ರು, ಜನ ಬಂಡವಾಳ ಹಾಕಿದ ಮೇಲೆ ಕಡಿತ ಮಾಡಿದ್ರು. 2015ರಲ್ಲಿ ಸ್ವಂತ ಸೋಲಾರ್ ಕರೆಂಟ್ ಬಳಸೋರ ಮೇಲೇ ಶುಲ್ಕ ಹಾಕಿದ್ರು. ಬಿಸಿಲ ತೆರಿಗೆ ಅಂತ ಜನ ಬೈದೂ ಬೈದೂ 2018ಕ್ಕೆ ರದ್ದಾಯ್ತು."

"ಛೆ ಛೆ, ಮಾತು ಕೊಟ್ಟು ತಪ್ಪೋದೇ!" ವಕೀಲರು ಕುದ್ದುಹೋದರು. ಸಬ್ಸಿಡಿ ಕೊಟ್ಟಿದ್ದು ತಪ್ಪು ಅಂತಿದ್ದವರೇ ಈಗ ಕಿತ್ತುಕೊಂಡಿದ್ದು ತಪ್ಪು ಅಂತಿದ್ದರು. "ಯಾರೂ ಕೇಸು ಹಾಕ್ಲಿಲ್ವೇ?"

"ವಿದೇಶಿ ಹೂಡಿಕೆದಾರರು ಡಜನ್‌ಗಟ್ಟಲೆ ಹಾಕಿದ್ರು. ಅಂತರರಾಷ್ಟ್ರೀಯ ಮಧ್ಯಸ್ಥಿಕೆ."

"ಡಜನ್‌ಗಟ್ಟಲೆ!" ವಕೀಲರ ಮುಖದಲ್ಲಿ ಒಂದು ಕಿಲೋವ್ಯಾಟ್ ಬೆಳಕು. ಆಮೇಲೆ ಅವರು ಸಬ್ಸಿಡಿಯ ವಿರುದ್ಧ ಅಷ್ಟು ಜೋರಾಗಿ ಮಾತಾಡಲಿಲ್ಲ.

"ಹೋಗ್ಲಿ, ನಿನಗೇನು ಸುಖ ಸಿಕ್ತು ಹೇಳು," ಶೀನ ನನ್ನ ಕಡೆ ತಿರುಗಿದ.

ಹೇಳಬಾರದಿತ್ತು, ಹೇಳಿದೆ. ಮೊನ್ನೆ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಸೂರ್ಯ ನೆತ್ತಿ ಮೇಲೆ, ಪ್ಯಾನೆಲ್ ತಾರಸಿ ಮೇಲೆ, ಮನೆಯಲ್ಲಿ ಫ್ಯಾನ್ ಮಾತ್ರ ನಿಂತಿದೆ. ಹೆಂಡತಿ ಒಂದು ಸಲ ಫ್ಯಾನ್ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಬೈದಿದ್ದರೇ ವಾಸಿ ಇತ್ತು.

"ಬ್ಯಾಟರಿ ಇಲ್ವಲ್ಲ, ಹಾಗೇ ಆಗೋದು," ಅಂದರು ಮೇಷ್ಟ್ರು. "ಗ್ರಿಡ್, ಅಂದ್ರೆ ಊರಿನ ಲೈನು, ಹೋದ ತಕ್ಷಣ ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಮಾರ್ಪಡಿಸೋ ಇನ್ವರ್ಟರ್ ತಾನೂ ಆಫ್ ಆಗುತ್ತೆ. ಇಲ್ಲದಿದ್ರೆ ನಿನ್ನ ಕರೆಂಟು ತಂತಿಗೆ ಹರಿದು, ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತೆ. ಜಂಬ ನಿಂದು, ಜೀವ ಅವನದು."

"ಅಷ್ಟೇ ಅಲ್ಲ," ವಕೀಲರಿಗೆ ಮತ್ತೆ ಜೀವ ಬಂತು. "ಮಧ್ಯಾಹ್ನ ಬೇಡದಾಗ ಎಲ್ಲರೂ ಗ್ರಿಡ್‌ಗೆ ಸುರೀತೀರಿ, ಸಂಜೆ ದೀಪ ಹಚ್ಚೋ ಹೊತ್ತಿಗೆ ಎಲ್ಲರೂ ಕೈಚಾಚ್ತೀರಿ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಖರ್ಚು ಯಾರದು?"

"ನಂದು," ಅಂದ ಶೀನ.

"ಕ್ಯಾಲಿಫೋರ್ನಿಯಾದಲ್ಲಿ ಇದೇ ಜಗಳ," ಮೇಷ್ಟ್ರು ಒಪ್ಪಿಕೊಂಡರು. "ಹೊಸಬರು ಗ್ರಿಡ್‌ಗೆ ಬಿಡೋ ಕರೆಂಟಿನ ದರಾನ 2023ರ ಏಪ್ರಿಲ್‌ನಿಂದ ಚೆನ್ನಾಗಿ ಕತ್ತರಿಸಿದ್ರು. ಹಳಬರು ಬಚಾವ್."

ಕತ್ತಲಾಗುತ್ತಿತ್ತು. ಏಳುವಾಗ ಶೀನ ಕೇಳಿದ, "ನಿನ್ನ ತಾರಸಿ ಮೇಲೆ ಎಷ್ಟು ಪ್ಯಾನೆಲ್ ಇವೆ?"

"ಎಂಟು."

"ಸಬ್ಸಿಡಿ ಲೆಕ್ಕದಲ್ಲಿ ಒಂದಾದ್ರೂ ನಮ್ಮಂಥವರದು ಅನ್ನು. ಯಾವುದು ನಂದು?"

ತಮಾಷೆ ಅಂದುಕೊಂಡು, "ನೀರಿನ ಟ್ಯಾಂಕ್ ಪಕ್ಕದ್ದು," ಅಂದುಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಫೋನು. "ನಂದು ಒರೆಸಿದ್ಯಾ? ಧೂಳು ಕೂತ್ರೆ ಯೂನಿಟ್ ಕಡಿಮೆ ಆಗುತ್ತಂತೆ, ಮೇಷ್ಟ್ರು ಹೇಳಿದ್ರು. ಹಾಗೇ ಮೇಲೆ ಕಾಗೆ ಗೀಗೆ ಕೂತಿದ್ಯಾ ನೋಡು."

ಬಕೆಟ್ಟು, ಬಟ್ಟೆ ಹಿಡಿದು ಮೆಟ್ಟಿಲು ಹತ್ತಿದೆ. ಕಾಗೆ ಕೂತಿತ್ತು. ಅದೂ ಸರಿಯಾಗಿ ಅವನದರ ಮೇಲೇ.