ಸಹಾಯ ಬೇಕು: ರಿವೆಟ್ ಹೊಡೆದ ಕಬ್ಬಿಣದ ಬಳೆಗಳ ಕುಲಾವಿ

ನಮಸ್ಕಾರ, ನಾನಿರೋದು ಸ್ವೀಡನ್ನಿನಲ್ಲಿ. ಆಗಸ್ಟಿನಲ್ಲಿ ಇಲ್ಲಿನ ಗೊಟ್ಲಾಂಡ್ ದ್ವೀಪದ ವಿಸ್ಬಿ ಊರಲ್ಲಿ ನಡೆಯುವ ಮಧ್ಯಯುಗ ವಾರಕ್ಕೆ, 1361ರ ಕಾಳಗದಲ್ಲಿ ಡೆನ್ಮಾರ್ಕಿನ ಸೈನ್ಯದೆದುರು ನಿಂತ ಗೊಟ್ಲಾಂಡಿನ ರೈತನ ವೇಷ ಸಿದ್ಧಮಾಡ್ತಿದ್ದೇನೆ. ಅಲ್ಲಿ ಸತ್ತ ಎಷ್ಟೋ ಜನರನ್ನು ತೊಟ್ಟ ಕವಚದ ಸಮೇತ ಗುಂಡಿಗೆ ಹಾಕಿದ್ದರು. ಅಗೆದಾಗ ತಲೆಬುರುಡೆಗೆ ಅಂಟಿಕೊಂಡ ಕುಲಾವಿಗಳೇ, ಅಂದರೆ ಪುಟ್ಟ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಹೆಣೆದ ತಲೆಗವಚಗಳೇ, ಸಿಕ್ಕಿವೆ. ಅವರ ವೇಷವನ್ನು ಅಂದಾಜಿಗೆ ಹಾಕಲು ಮನಸ್ಸು ಒಪ್ಪೋದಿಲ್ಲ.

ಆನ್‌ಲೈನಲ್ಲಿ ತರಿಸಿದ ಕುಲಾವಿಯ ಬಳೆಗಳು ಬರೀ ತುದಿಗೆ ತುದಿ ಮುಟ್ಟಿಸಿದವು, ಬೆರಳಲ್ಲಿ ಎಳೆದರೆ ಬಾಯಿ ಬಿಡುತ್ತವೆ. ಆಗಿನವು ತುದಿ ತಟ್ಟಿ, ತೂತು ಮಾಡಿ, ರಿವೆಟ್ (ಬಿಚ್ಚದಂತೆ ಕೂರಿಸುವ ಪುಟ್ಟ ಮೊಳೆ) ಹೊಡೆದಂಥವು. ಮೀರತ್, ಡೆಹ್ರಾಡೂನ್ ಕಡೆ ಇಂಥ ಕೆಲಸ ನಡೆಯುತ್ತೆ. ಅಲ್ಲಿ ಯಾರಾದರೂ ಇದ್ದೀರಾ? ಅಂಗೈ ಅಗಲದ ತುಂಡಿನ ಫೋಟೋ ಕಳಿಸಿದರೂ ಸಾಕು. ಸತುವಿನ ಲೇಪ ಮಾತ್ರ ಬೇಡ, ಎಣ್ಣೆ ಸವರಿದ ಬರೀ ಕಬ್ಬಿಣ ಇರಲಿ.